ನಿಂತಲ್ಲೇ ಓಡಿದ ಗಾಡಿ

ಅಂಗಡಿಯ ಒಳಕೋಣೆಯಿಂದ,
ಬುಧವಾರ, ಬೆಳಿಗ್ಗೆ

ಪ್ರೀತಿಯ ಮಗನಿಗೆ ಅಮ್ಮನ ನೂರು ಆಶೀರ್ವಾದಗಳು.

ಮೊದಲು ನಿನ್ನ ಆರೋಗ್ಯದ ವಿಷಯ. ತಲೆನೋವು ಹೇಗಿದೆ? "ಪರವಾಗಿಲ್ಲಮ್ಮ" ಎಂಬ ನಿನ್ನ ಮಾಮೂಲಿ ಉತ್ತರ ನನಗೆ ಬೇಡ. ಹೋದ ವಾರ ಫೋನಿನಲ್ಲಿ, "ಮಧ್ಯಾಹ್ನ ಆಗೋ ಹೊತ್ತಿಗೆ ತಲೆ ಭಾರ ಆಗುತ್ತಮ್ಮ, ಒಂಥರಾ ವಾಕರಿಕೆ ಬಂದ ಹಾಗೆ" ಎಂದಿದ್ದೆ. ನಾನು ಮಹಾ ವೈದ್ಯೆಯ ಹಾಗೆ, "ಕನ್ನಡಕದ ನಂಬರ್ ಬದಲಾಗಿರ್ಬೇಕು, ತೋರಿಸ್ಕೋ" ಎಂದು ಹೇಳಿ ಫೋನಿಟ್ಟೆ. ಇವತ್ತು ಬೆಳಿಗ್ಗೆಯಿಂದ ಆ ಮಾತಿಗೆ ನನ್ನನ್ನು ನಾನೇ ಬೈದುಕೊಳ್ಳುತ್ತಿದ್ದೇನೆ. ಇದನ್ನು ಓದುವಾಗ ನೀನು ಬಯಲಿನಲ್ಲಿ, ಗಾಳಿಯಾಡುವ ಜಾಗದಲ್ಲಿ ನಿಂತಿದ್ದೀಯ ತಾನೆ? ಇಲ್ಲದಿದ್ದರೆ ಓದುವುದನ್ನು ಇಲ್ಲಿಗೇ ನಿಲ್ಲಿಸಿ ಮೊದಲು ಆಚೆ ಬಾ. ಮಿಕ್ಕ ಸಾಲುಗಳು ಎಲ್ಲಿಗೂ ಓಡಿಹೋಗುವುದಿಲ್ಲ.

ನಾನು ಚೆನ್ನಾಗಿದ್ದೇನೆ. ಕೂತು ಕೂತು ಸೊಂಟ ಹಿಡಿದುಕೊಳ್ಳುತ್ತದೆ, ಅದು ಹೊಸದೇನಲ್ಲ. ನಿಮ್ಮಪ್ಪನೂ ಗಟ್ಟಿಯಾಗಿದ್ದಾರೆ. ಗಲ್ಲಾದ ಮುಂದೆ ಕೂತು ಬಂದವರಿಗೆಲ್ಲ ಬುದ್ಧಿ ಹೇಳುವ ಕೆಲಸಕ್ಕೆ ಏನೂ ಕುಂದಿಲ್ಲ. ನಿನ್ನೆ ಬೇಕರಿ ವ್ಯಾನಿನವನು ಸ್ಟಾರ್ಟರ್ ಮೋಟಾರ್ ಬಿಚ್ಚಿಕೊಂಡು ರಿಪೇರಿಗೆ ಬಂದಿದ್ದ. ನಾನು ಒಳಗೆ ಕೂತು ಅದರ ಸುರುಳಿ ಸುತ್ತಿ ಮುಗಿಸುವಷ್ಟರಲ್ಲಿ ಇವರು ಅವನಿಗೆ ಬ್ರೆಡ್ ಹೇಗೆ ಸುಡಬೇಕೆಂದು ಹೇಳಿಕೊಟ್ಟಿದ್ದರು. ಪಾಪ, ಅವನು ತಲೆಯಾಡಿಸುತ್ತಾ ಕೂತಿದ್ದ. ಇಂಥ ಸುದ್ದಿಗಳನ್ನೇ ಬರೆದುಕೊಂಡು ಹೋಗೋಣ ಎನಿಸುತ್ತಿದೆ, ಏಕೆಂದರೆ ಮುಂದಿನದನ್ನು ಬರೆಯಲು ಕೈ ಓಡುತ್ತಿಲ್ಲ.

ಫೋನ್ ಇರುವಾಗ ಕಾಗದ ಯಾಕೆ ಎಂದು ಕೇಳುತ್ತೀಯ. ಫೋನಿನಲ್ಲಿ ನಾನು ನಿನ್ನ ವಿಷಯ ತೆಗೆದರೆ ನೀನು ಗಾಡಿಯ ವಿಷಯಕ್ಕೆ ಹಾರುತ್ತೀಯ. ಗಾಡಿ ಎಂದ ತಕ್ಷಣ ನಾನೂ ಮೈಮರೆತು ಅದರ ಹಿಂದೆಯೇ ಓಡುತ್ತೇನೆ. ನಮ್ಮಿಬ್ಬರಿಗೂ ಇದು ಮೊದಲಿನಿಂದ ಅಂಟಿದ ಚಾಳಿ. ಅದೂ ಅಲ್ಲದೆ, ನಮ್ಮ ಅಂಗಡಿಯಿಂದ ಚೀಟಿ ಕಟ್ಟದೆ ಯಾವ ಸಾಮಾನೂ ಆಚೆ ಹೋಗಿದ್ದಿಲ್ಲ ಎಂಬುದು ನಿನಗೇ ಗೊತ್ತು. ಏನು ಕೆಟ್ಟಿತ್ತು, ಏನು ಸರಿ ಮಾಡಿದೆವು, ಇನ್ನು ಮುಂದೆ ಏನು ಮಾಡಬಾರದು, ಎಲ್ಲ ಬರೆದು ತಂತಿಯಲ್ಲಿ ಕಟ್ಟಿಯೇ ಕೊಡುವುದು. ಇದೂ ಹಾಗೇ ಒಂದು ಚೀಟಿ ಎಂದುಕೋ, ಸ್ವಲ್ಪ ಉದ್ದವಾಗಿದೆ ಅಷ್ಟೆ. ಇದನ್ನು ಅಂಚೆಗೆ ಹಾಕುತ್ತಿಲ್ಲ. ಮಧ್ಯಾಹ್ನದ ಬಸ್ಸಿಗೆ ನಿಮ್ಮಪ್ಪನನ್ನು ಹೊರಡಿಸಿ, ಅವರ ಕೈಯಲ್ಲೇ ಕಳಿಸುತ್ತೇನೆ.

ಗಾಡಿಯಿಂದಲೇ ಶುರು ಮಾಡುತ್ತೇನೆ. ನಿನಗೂ ಅದೇ ಸುಲಭ, ನನಗೂ. ಬ್ಯಾಟರಿ ಇಳಿಯುತ್ತಿದೆ ಎಂದು ನೀನು ಮೊದಲ ಸಲ ಹೇಳಿದಾಗ ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಇಪ್ಪತ್ತು ವರ್ಷದ ಗಾಡಿ. ನಿಮ್ಮಪ್ಪ ಓಡಿಸಿ ದಣಿದು ನಿನಗೆ ಕೊಟ್ಟಿದ್ದು. ಅದಕ್ಕೂ ವಯಸ್ಸಾಯಿತು ಎಂದುಕೊಂಡೆ. ನೀನು ಹೊಸ ಬ್ಯಾಟರಿ ಹಾಕಿಸಿಕೊಂಡೆ. ಸ್ವಲ್ಪ ದಿನಕ್ಕೆ ಮತ್ತೆ ಅದೇ ರಾಗ. "ಆಫೀಸ್ ಪಾರ್ಕಿಂಗಲ್ಲಿ ಸ್ಟಾರ್ಟೇ ಆಗ್ಲಿಲ್ಲಮ್ಮ, ಆಫೀಸ್ ಡ್ರೈವರ್ ವೈರ್ ಕೊಟ್ಟು ಎಬ್ಬಿಸ್ದ" ಎಂದೆ ನೀನು. ಬೆಲ್ಟ್ ಸಡಿಲವಿದ್ದರೆ ಬ್ಯಾಟರಿ ತುಂಬುವ ಆಲ್ಟರ್ನೇಟರ್ ಸರಿಯಾಗಿ ತಿರುಗುವುದಿಲ್ಲ ಎಂದು ನಾನು ಬೆಲ್ಟ್ ಕಳಿಸಿದೆ. ಆಮೇಲೆ ಎಂಜಿನ್‌ನಿಂದ ಗಾಡಿಯ ಮೈಗೆ ಬರುವ ಅರ್ಥಿಂಗ್ ಪಟ್ಟಿ ಬಿಚ್ಚಿ, ಉಜ್ಜಿ, ಬಿಗಿ ಮಾಡು ಎಂದೆ. ನೀನು ಮಾಡಿದೆ. ಆಮೇಲೆ ಆಲ್ಟರ್ನೇಟರನ್ನೇ ಬಿಚ್ಚಿ ನಮ್ಮೂರ ಬಸ್ಸಿಗೆ ಹಾಕಿ ಕಳಿಸು ಎಂದೆ. ಅದನ್ನು ನಾನೇ ಕೈಯಾರೆ ಬಿಚ್ಚಿದೆ. ಒಳಗಿನ ಕಾರ್ಬನ್ ಬ್ರಷ್ ಸವೆದಿತ್ತು, ಹೊಸದು ಕೂರಿಸಿದೆ. ಚಾರ್ಜನ್ನು ಹದದಲ್ಲಿಡುವ ಕಟೌಟ್ ಬದಲಾಯಿಸಿದೆ. ಹಿಂದಿನ ಬೇರಿಂಗ್ ಮಾತ್ರ ಸಣ್ಣಗೆ ಕುಂಯ್‌ಗುಡುತ್ತಿತ್ತು. ಆ ಅಳತೆಯದು ಸಿಗಲಿಲ್ಲ, ಇನ್ನೊಂದಷ್ಟು ದಿನ ಓಡಲಿ ಎಂದು ಗ್ರೀಸ್ ತುಂಬಿ ಕಳಿಸಿದೆ. ಆ ಕುಂಯ್ ಶಬ್ದವನ್ನು ನಾನು ಬೆಂಚಿನ ಮೇಲೆ ಇಟ್ಟು ಎಷ್ಟು ಸಲ ಕೇಳಿದ್ದೆನೆಂದರೆ ಮೊಮ್ಮಗಳು ಪುಟ್ಟಿಯ ಅಳುವಿನಷ್ಟೇ ಚೆನ್ನಾಗಿ ಅದರ ಗುರುತು ನನಗಿದೆ.

ಇಷ್ಟೆಲ್ಲ ಮಾಡಿದ ಮೇಲೂ ಬ್ಯಾಟರಿ ಇಳಿಯಿತು. ಆಗ ನನಗೆ ಹಟ ಹತ್ತಿತು. ನಾನು ಕೈಯಿಟ್ಟ ಆಲ್ಟರ್ನೇಟರ್ ವಾಪಸು ಬಂದ ನೆನಪೇ ಇಲ್ಲ. ಊರಿಡೀ ನನ್ನ ಕೆಲಸ ಹೊಗಳುವಾಗ ಸ್ವಂತ ಮಗನ ಗಾಡಿ ದಾರಿಯಲ್ಲಿ ನಿಂತರೆ ಮುಖ ಎಲ್ಲಿಟ್ಟುಕೊಳ್ಳಲಿ? ಮೀಟರ್ ಹಿಡಿದು ಫೋಟೊ ಕಳಿಸು ಎಂದೆ. ಎಂಜಿನ್ ನಿಂತಿರುವಾಗ ಒಂದು, ಓಡುವಾಗ ಒಂದು. ಡ್ಯಾಶ್‌ಬೋರ್ಡಿನಲ್ಲಿ ಚಾರ್ಜ್ ದೀಪ ಹೊತ್ತಿದರೆ ಅದರದ್ದೂ ಒಂದು. ನೀನು ಒಳ್ಳೆಯ ಹುಡುಗನ ಹಾಗೆ ಎಲ್ಲವನ್ನೂ ಕಳಿಸುತ್ತಾ ಬಂದೆ. ಆಕ್ಸಿಲರೇಟರ್ ಒತ್ತಿದಾಗ ಹದಿನಾಲ್ಕು ವೋಲ್ಟ್ ಬರುತ್ತಿದೆ. ಅಂದರೆ ಆಲ್ಟರ್ನೇಟರ್ ದೇವರಂಥದ್ದು. ಹಾಗಿದ್ದರೆ ಕರೆಂಟು ಹೋಗುತ್ತಿರುವುದೆಲ್ಲಿಗೆ? ಗಾಡಿ ನಿಂತಾಗ ಎಲ್ಲೋ ಸೋರುತ್ತಿದೆಯೇ? ಡಿಕ್ಕಿಯ ದೀಪ ಆರುತ್ತಿಲ್ಲವೇ? ಈ ಯೋಚನೆಯಲ್ಲಿ ನಾನು ಸಾರಿಗೆ ಉಪ್ಪು ಹಾಕಿದ್ದೇನೋ ಇಲ್ಲವೋ ಮರೆಯತೊಡಗಿದೆ. "ನಿಂಗೆ ಮಗ ಬೇಕಾ, ಅವನ ಗಾಡಿ ಬೇಕಾ?" ಎಂದು ನಿಮ್ಮಪ್ಪ ಊಟದ ಮುಂದೆ ಕೂತು ರೇಗಿಸಿದರು. ನನಗೆ ಆಗ ನಗು ಬಂದಿತ್ತು.

ಈಗಷ್ಟೇ ನಿನ್ನ ಫೋಟೊ ಬಂತು. ಹನ್ನೆರಡು ಪಾಯಿಂಟ್ ಐದು. ಸರಿ. ಮೀಟರಿನ ಹಿಂದೆ ನಿನ್ನ ಹೆಬ್ಬೆರಳು ಕಾಣುತ್ತಿದೆ. ಅದು ಕೆಂಪಗೆ, ಆರೋಗ್ಯವಾಗಿದೆಯೇ ಎಂದು ಫೋಟೊ ದೊಡ್ಡದು ಮಾಡಿ ನೋಡಿದೆ.

ಮೊನ್ನೆ ಆ ಹಳೆಯ ಫೋಟೊಗಳನ್ನೆಲ್ಲ ಒಟ್ಟಿಗೆ ಹಾಕಿಕೊಂಡು ಕೂತೆ. ದೋಷ ಯಾವ ದಿನ, ಯಾವ ಹೊತ್ತಿನಲ್ಲಿ ಬರುತ್ತದೆ ಎಂದು ನೋಡುವುದು ನನ್ನ ಪದ್ಧತಿ. ಭಾನುವಾರ ನಿನ್ನ ಗಾಡಿ ಒಮ್ಮೆಯೂ ಕೈಕೊಟ್ಟಿಲ್ಲ. ಪುಟ್ಟಿಗೆ ಸ್ಕೂಲು ರಜೆ ಇದ್ದ ದಿನಗಳಲ್ಲೂ ಇಲ್ಲ. ನೀನು ಕೆಲಸಕ್ಕೆ ಹೋದ ದಿನ ಮಾತ್ರ. ಕೆಲಸಕ್ಕೆ ಹೋದ ದಿನ ಗಾಡಿ ದೂರ ಓಡುತ್ತದೆ, ಬ್ಯಾಟರಿ ತುಂಬಬೇಕು. ಇಲ್ಲಿ ಎಲ್ಲ ತಿರುಗುಮುರುಗು. ಹಾಗಿದ್ದರೆ ಎಷ್ಟು ಓಡಿದೆ ಎಂದು ಡ್ಯಾಶ್‌ಬೋರ್ಡಿನ ಫೋಟೊಗಳಲ್ಲಿ ಕಿಲೋಮೀಟರ್ ಅಂಕಿ ನೋಡಿದೆ. ಹೋದ ತಿಂಗಳಿನಿಂದ ಈ ತಿಂಗಳಿಗೆ ಓಡಿರುವುದು ಪುಟ್ಟಿಯನ್ನು ಸ್ಕೂಲಿಗೆ ಬಿಟ್ಟು ಬರುವಷ್ಟು ಮಾತ್ರ. ನೀನು ಕೆಲಸ ಮಾಡುವ ಪೇಂಟ್ ಕಾರ್ಖಾನೆ ಊರಿನ ಆಚೆ ತುದಿಯಲ್ಲಿದೆ. ಅಲ್ಲಿಗೆ ನಾಲ್ಕು ದಿನ ಹೋಗಿಬಂದರೂ ಅಂಕಿ ಇದಕ್ಕಿಂತ ಮುಂದೆ ಹೋಗಿರಬೇಕಿತ್ತು. ಅಂಕಿಯೇ ಕೆಟ್ಟಿದೆಯೇನೋ ಎಂದು ಸಮಾಧಾನ ಮಾಡಿಕೊಂಡೆ ನೋಡು! ಹಳೆ ಗಾಡಿ, ಕೇಬಲ್ ತುಂಡಾಗಿರುತ್ತದೆ ಎಂದುಕೊಂಡೆ. ಮಗನ ವಿಷಯಕ್ಕೆ ಬಂದರೆ ನನ್ನಂಥವಳೂ ಎಂಥೆಂಥ ದಡ್ಡ ಕಾರಣ ಹುಡುಕುತ್ತಾಳೆ.

ಅದನ್ನೇ ಕೇಳೋಣವೆಂದು ಇವತ್ತು ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದವಳೇ ನಿನಗೆ ಫೋನ್ ಮಾಡಿದೆ. "ಮೀಟಿಂಗಲ್ಲಿದೀನಮ್ಮ, ಆಮೇಲೆ ಮಾಡ್ತೀನಿ" ಎಂದು ಪಿಸುಗುಟ್ಟಿದೆ. ನಿನ್ನ ಪಿಸುಮಾತಿನ ಹಿಂದೆ ನನ್ನ ಬೇರಿಂಗ್ ಕೇಳಿಸಿತು. ಅದೇ ಕುಂಯ್. ನಾನು ಬೆಂಚಿನ ಮೇಲೆ ಕೇಳಿ ಕೇಳಿ ಸಾಕಾಗಿದ್ದ ಅದೇ ಶಬ್ದ, ಗೋಡೆಗಳ ನಡುವೆ ಸಿಕ್ಕಿಕೊಂಡ ಹಾಗೆ ಮೊಳಗುತ್ತಿತ್ತು. ಜೊತೆಗೆ ಏಸಿ ಫ್ಯಾನಿನ ಗೊರಗೊರ. ಬೀದಿಯ ಸದ್ದಿಲ್ಲ, ಮನುಷ್ಯರ ಸದ್ದಿಲ್ಲ. ಯಾವ ಮೀಟಿಂಗಿನಲ್ಲಿ ಆಲ್ಟರ್ನೇಟರ್ ತಿರುಗುತ್ತದೆ, ಮಗಾ? ನನ್ನ ಕಣ್ಣಮುಂದೆ ನಿನ್ನ ಫೋಟೊಗಳೆಲ್ಲ ಒಟ್ಟಿಗೆ ಬಂದವು. ಒಂದರ ಅಂಚಿನಲ್ಲಿ ಹಳದಿ ಕಪ್ಪು ಪಟ್ಟೆ ಬಳಿದ ಕಂಬ ಇತ್ತು. ಕಂಬದ ಮೇಲೆ ನಿಮ್ಮ ಮನೆಯ ನಂಬರ್. ಅಷ್ಟು ದಿನದಿಂದ ಅದು ನನ್ನ ಕಣ್ಣಿಗೆ ಬೀಳುತ್ತಲೇ ಇತ್ತು, ನಾನು ಮೀಟರಿನ ಅಂಕಿ ಮಾತ್ರ ನೋಡುತ್ತಿದ್ದೆ.

ನೀನು ನಿನ್ನ ಮನೆಯ ಕೆಳಗೇ ಇದ್ದೀಯ. ಕೆಳಗಿನ ಬೇಸ್‌ಮೆಂಟಿನಲ್ಲಿ, ಶಟರ್ ಎಳೆದ ಜಾಗದಲ್ಲಿ, ಗಾಜು ಏರಿಸಿಕೊಂಡು, ಸೆಕೆಗೆ ಏಸಿ ಹಾಕಿಕೊಂಡು, ಎಂಜಿನ್ ಓಡಿಸುತ್ತಾ ಕೂತಿದ್ದೀಯ. ಮುಚ್ಚಿದ ಜಾಗದಲ್ಲಿ ಎಂಜಿನ್ ಓಡಿಸಬಾರದೆಂದು ನಮ್ಮ ಅಂಗಡಿಯ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಬರೆದಿರುವುದು ಅಲಂಕಾರಕ್ಕಲ್ಲ. ಆ ಹೊಗೆಯಲ್ಲಿರುವ ವಿಷಕ್ಕೆ ವಾಸನೆಯಿಲ್ಲ. ಮೊದಲು ತಲೆಭಾರ, ಆಮೇಲೆ ವಾಕರಿಕೆ, ಆಮೇಲೆ ನಿದ್ದೆ ಬಂದ ಹಾಗೆ. ನಿದ್ದೆ ಬಂದವನು ಏಳುವುದಿಲ್ಲ. ಈಗಿನ ಹೊಸ ಗಾಡಿಗಳಾದರೆ ಸ್ವಲ್ಪವಾದರೂ ವಾಸಿ, ನಿನ್ನದು ಹಳೇ ಕಾಲದ್ದು, ಹಸಿ ಹೊಗೆ ಬಿಡುತ್ತದೆ. ಅದಕ್ಕಿಂತ ಹೆಚ್ಚು ನನ್ನನ್ನು ಹಿಂಡುತ್ತಿರುವುದು ಇನ್ನೊಂದು. "ಬ್ಯಾಟರಿ ಇಳಿದ್ರೆ ಅರ್ಧ ಗಂಟೆ ಎಂಜಿನ್ ಓಡ್ಸು, ತುಂಬ್ಕೊಳುತ್ತೆ" ಎಂದು ಹೇಳಿದವಳು ನಾನೇ. ಬಯಲಿನಲ್ಲಿ ನಿಲ್ಲಿಸಿಕೊಂಡು ಎಂದು ಸೇರಿಸಬೇಕೆಂದು ನನಗೆ ಹೊಳೆಯಲಿಲ್ಲ. ಯಾರಾದರೂ ಮನೆಯ ಕೆಳಗೆ ಅಡಗಿ ಕೂರುತ್ತಾರೆಂದು ಯಾವ ಅಮ್ಮ ತಾನೆ ಯೋಚಿಸುತ್ತಾಳೆ?

ಕೂಗಬೇಕು ಎನಿಸಿತು. ಕೂಗಿದರೆ ನೀನು ಫೋನ್ ಆರಿಸಿಬಿಡುತ್ತಿದ್ದೆ, ನಿನ್ನ ಸ್ವಭಾವ ನನಗೆ ಗೊತ್ತು. ಅದಕ್ಕೇ ಮೆಕ್ಯಾನಿಕ್ ಧ್ವನಿ ತೆಗೆದೆ. "ಒಂದು ದೋಷ ಸಿಕ್ಕಿದೆ ಕಣೋ, ತಕ್ಷಣ ಗಾಡಿನ ಬಯಲಿಗೆ ತಗೊಂಡೋಗಿ ಆಫ್ ಮಾಡು, ನಾಲ್ಕೂ ಬಾಗಿಲು ತೆಗೆದಿಡು, ಮೈನಸ್ ಟರ್ಮಿನಲ್ ಬಿಚ್ಚು, ಅರ್ಧ ಗಂಟೆಗೊಂದ್ಸಲ ವೋಲ್ಟೇಜ್ ಫೋಟೊ ಕಳಿಸ್ಬೇಕು, ಸಂಜೆವರೆಗೂ ಗಾಡಿ ಪಕ್ಕದಿಂದ ಅಲ್ಲಾಡ್ಬೇಡ" ಎಂದೆ. "ಮೀಟಿಂಗು" ಎಂದೆ ನೀನು. "ಮೀಟಿಂಗ್ ಮನೆ ಹಾಳಾಗ್ಲಿ" ಎಂದೆ ನಾನು. ಶಟರ್ ಎತ್ತುವ ಸದ್ದು ಕೇಳಿತು, ಗಾಡಿ ಏರು ಹತ್ತುವ ಸದ್ದು ಕೇಳಿತು, ಆಮೇಲೆ ಕುಂಯ್ ನಿಂತಿತು. ಎಲ್ಲೋ ಒಂದು ಕಾಗೆ ಕೂಗಿತು. ಆ ಕಾಗೆಯ ದನಿ ಕೇಳಿದಾಗ ಹೋದ ಜೀವ ಬಂದಂತಾಯಿತು. "ಸರಿಯಮ್ಮ, ಬಿಚ್ಚಿದೆ" ಎಂದೆ ನೀನು. ನಾನು ನಿನ್ನನ್ನು ಬೇರೇನೂ ಕೇಳಲಿಲ್ಲ.

ಟರ್ಮಿನಲ್ ಬಿಚ್ಚಿದ ಗಾಡಿ ಸ್ಟಾರ್ಟ್ ಆಗುವುದಿಲ್ಲ. ಅರ್ಧ ಗಂಟೆಗೊಂದು ಫೋಟೊ ಕಳಿಸುವವನು ಉಸಿರಾಡುತ್ತಿರುತ್ತಾನೆ. ಪರೀಕ್ಷೆ ಇಷ್ಟೇ. ಬ್ಯಾಟರಿಯ ವೋಲ್ಟೇಜು ಕಟ್ಟಿಕೊಂಡು ನನಗೇನಾಗಬೇಕು?

ಆಮೇಲೆ ನಿನ್ನ ಕಾರ್ಖಾನೆಗೆ ಫೋನ್ ಮಾಡಿದೆ. ನೀನು ಗೋದಾಮಿನ ಉಸ್ತುವಾರಿಗೆ ಸೇರಿದಾಗ ಕೊಟ್ಟಿದ್ದ ಗೇಟಿನ ನಂಬರು ಕ್ಯಾಲೆಂಡರಿನ ಹಿಂದೆ ಬರೆದಿಟ್ಟಿದ್ದೆ. ಎತ್ತಿದವನು ಒಳ್ಳೆಯ ಮನುಷ್ಯ. "ಆ ಗೋದಾಮು ಮುಚ್ಚಿ ತುಂಬಾ ದಿನ ಆಯ್ತಲ್ಲಮ್ಮ, ಅಲ್ಲಿದ್ದೋರನ್ನೆಲ್ಲ ಕಳಿಸ್ಬಿಟ್ರು, ನಿಮ್ಗೆ ಗೊತ್ತಿಲ್ವಾ?" ಎಂದ. ಗೊತ್ತಿದೆ, ಬೇರೆ ವಿಷಯಕ್ಕೆ ಮಾಡಿದೆ ಎಂದು ಸುಳ್ಳು ಹೇಳಿ ಇಟ್ಟೆ. ತಾಯಿಗೆ ಮಗನ ವಿಷಯ ಗೊತ್ತಿಲ್ಲ ಎಂದು ಗೇಟಿನವನ ಮುಂದೆ ಒಪ್ಪಿಕೊಳ್ಳಲು ನಾಲಿಗೆ ಏಳಲಿಲ್ಲ.

ಫೋಟೊ ಬರುವ ಹೊತ್ತಾಗಿ ಮೀರಿತು. ಇನ್ನೂ ಬಂದಿಲ್ಲ. ಫೋನ್ ಮಾಡಿದರೆ ಎತ್ತುತ್ತಿಲ್ಲ. ಪೆನ್ನು ಕೆಳಗಿಟ್ಟು ಎದ್ದು ಬಾಗಿಲವರೆಗೆ ಹೋಗಿ ಬಂದೆ. ನಿಮ್ಮಪ್ಪ ಕತ್ತೆತ್ತಿ ನೋಡಿದರು, ಏನೂ ಇಲ್ಲ ಎಂದೆ. ಟರ್ಮಿನಲ್ ಬಿಚ್ಚಿದೆ ಎಂದು ನೀನು ಹೇಳಿದ್ದು ತಾನೆ, ನಾನೇನು ಕಣ್ಣಾರೆ ನೋಡಿದೆನೇ? ಮತ್ತೆ ಸಿಕ್ಕಿಸಿಕೊಂಡು ಕೆಳಗೆ ಇಳಿದಿದ್ದರೆ? ಇಲ್ಲ, ಬಂತು. ಬಂತು. ಹನ್ನೆರಡು ಪಾಯಿಂಟ್ ಐದು. "ಟೀ ಕುಡಿಯಕ್ಕೆ ಹೋಗಿದ್ದೆ, ಸಾರಿ ಅಮ್ಮ" ಎಂದು ಕೆಳಗೆ ಬರೆದಿದ್ದೀಯ. ಟೀ ಕುಡಿ, ಹತ್ತು ಸಲ ಕುಡಿ, ಹೇಳಿ ಹೋಗು. ನನ್ನ ಅಕ್ಷರ ಇಲ್ಲಿಂದ ಸೊಟ್ಟಗಾದರೆ ಬೈಯಬೇಡ.

ಇನ್ನು ನಿನ್ನನ್ನೇ ಕೇಳುತ್ತೇನೆ. ಕೆಲಸ ಹೋದದ್ದಕ್ಕೆ ಇಷ್ಟು ನಾಚಿಕೆಯೇ? ನೀನೇನು ಗೋದಾಮಿಗೆ ಬೆಂಕಿ ಹಚ್ಚಿದೆಯಾ? ಅವರು ಮುಚ್ಚಿದರು, ನೀನು ಆಚೆ ಬಂದೆ. ಅಷ್ಟಕ್ಕೆ ಪ್ರತಿದಿನ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಡಬ್ಬಿ ಹಿಡಿದುಕೊಂಡು, ಪುಟ್ಟಿಯನ್ನು ಸ್ಕೂಲಿಗೆ ಬಿಟ್ಟು, ಸುತ್ತಿ ಬಂದು ಸ್ವಂತ ಮನೆಯ ಕೆಳಗೆ ಕತ್ತಲಲ್ಲಿ ಕೂರುವುದೇ? ಮೇಲೆ ನಿನ್ನ ಹೆಂಡತಿ ಹೊಲಿಗೆ ಮಷಿನ್ ತುಳಿಯುತ್ತಾ ಊರ ಮಕ್ಕಳ ಯೂನಿಫಾರ್ಮ್ ಹೊಲಿಯುತ್ತಿರುತ್ತಾಳೆ. ಅವಳ ಸ್ಕೂಟರ್ ಗೇಟಿನ ಪಕ್ಕ, ನೆಲಮಟ್ಟದಲ್ಲೇ ನಿಲ್ಲುವುದರಿಂದ ಅವಳು ಬೇಸ್‌ಮೆಂಟಿಗೆ ಇಳಿಯುವ ಪ್ರಮೇಯವೇ ಇಲ್ಲ. ಅದನ್ನೂ ಲೆಕ್ಕ ಹಾಕಿಯೇ ಕೂತಿದ್ದೀಯ, ಜಾಣ! ಡಬ್ಬಿಯ ಊಟ ಅಲ್ಲೇ ಮಾಡುತ್ತಿದ್ದೆಯಾ? ಸ್ಟಿಯರಿಂಗ್ ಮುಂದೆ ಕೂತು, ಒಬ್ಬನೇ? ಅದನ್ನು ನೆನೆದರೆ ನನಗೆ ಕೋಪ ಬರಬೇಕು, ಬರುತ್ತಿರುವುದು ಅಳು.

ನಮಗೆ ಹೇಳದೆ ಇದ್ದೆ ಎಂಬ ಬೇಸರ ನನಗಿಲ್ಲ ಎಂದರೆ ಸುಳ್ಳಾಗುತ್ತದೆ, ಇದೆ. ಆದರೆ ಆಮೇಲೆ ಯೋಚಿಸಿದರೆ ನೀನು ದಿನಾ ಫೋನ್ ಮಾಡುತ್ತಲೇ ಇದ್ದೆ. ಮೊದಲೆಲ್ಲ ವಾರಕ್ಕೊಂದು ಸಲ ಮಾಡುತ್ತಿದ್ದವನು ಬ್ಯಾಟರಿ ಇಳಿಯತೊಡಗಿದ ಮೇಲೆ ಹಗಲು ಹೊತ್ತಿನಲ್ಲೇ ದಿನಕ್ಕೆರಡು ಸಲ ಮಾಡತೊಡಗಿದೆ. ಬೆಲ್ಟ್ ಬಗ್ಗೆ, ಬ್ರಷ್ ಬಗ್ಗೆ ಎಷ್ಟು ಹೇಳಿದರೂ ಬೇಜಾರಿಲ್ಲದೆ ಕೇಳುತ್ತಿದ್ದೆ. ಮಗನಿಗೆ ಕೊನೆಗೂ ನಮ್ಮ ಕಸುಬಿನ ಮೇಲೆ ಪ್ರೀತಿ ಬಂತು ಎಂದು ನಾನು ನಿಮ್ಮಪ್ಪನ ಮುಂದೆ ಜಂಭ ಕೊಚ್ಚಿಕೊಂಡಿದ್ದೆ. ನಿನಗೆ ಮಾತಾಡಲು ಒಬ್ಬರು ಬೇಕಿತ್ತು, ನಾನು ಪಾರ್ಸೆಲ್ ಮೇಲೆ ಪಾರ್ಸೆಲ್ ಕಳಿಸುತ್ತಿದ್ದೆ.

ಗಾಡಿಗೆ ಏನೂ ಆಗಿಲ್ಲ. ಅದನ್ನು ಚೀಟಿಯಲ್ಲಿ ಬರೆಯಲೇಬೇಕು, ಇಲ್ಲದಿದ್ದರೆ ನನಗೇ ಸಮಾಧಾನವಿಲ್ಲ. ಎಂಜಿನ್ ನಿಂತಲ್ಲೇ ನಿಧಾನಕ್ಕೆ ಓಡುವಾಗ ಹಳೆಯ ಆಲ್ಟರ್ನೇಟರ್ ಕೊಡುವುದು ಅಷ್ಟಕ್ಕಷ್ಟೆ. ಏಸಿ, ಫ್ಯಾನು, ರೇಡಿಯೊ, ಫೋನಿನ ಚಾರ್ಜರ್ ಸೇರಿ ಅದಕ್ಕಿಂತ ಹೆಚ್ಚು ತಿನ್ನುತ್ತವೆ. ಎಂಜಿನ್ ಆರಿಸಿ ರೇಡಿಯೊ ಕೇಳುತ್ತಾ ಕೂತಿದ್ದರಂತೂ ಕೇಳುವುದೇ ಬೇಡ. ಹಾಗೆ ದಿನವಿಡೀ ಕೂತರೆ ಯಾವ ಬ್ಯಾಟರಿಯೂ ಉಳಿಯದು. ವೈರ್ ಕೊಟ್ಟು ಎಬ್ಬಿಸಿದವನು ಆಫೀಸ್ ಡ್ರೈವರ್ ಅಲ್ಲ, ನಿಮ್ಮ ವಾಚ್‌ಮನ್ ಎಂದು ಈಗ ಅರ್ಥವಾಯಿತು. ಅವನು ಇಷ್ಟು ದಿನ ಬಾಯಿ ಬಿಡದೆ ಇದ್ದಾನೆಂದರೆ ನಿನ್ನ ಮೇಲೆ ಕರುಣೆ ಇರಬೇಕು. ಗಾಡಿಯನ್ನು ಓಡಿಸು, ಅದು ಸರಿಹೋಗುತ್ತದೆ. ಮುಚ್ಚಿದ ಜಾಗದಲ್ಲಿ ಎಂಜಿನ್ ಓಡಿಸುವುದಿಲ್ಲ ಎಂದು ನನ್ನ ಮೇಲೆ ಆಣೆ ಮಾಡು. ಮತ್ತೆ, ಇವತ್ತೇ ಡಾಕ್ಟರ ಹತ್ತಿರ ಹೋಗಿ, ಹೊಗೆ ಕುಡಿದಿದ್ದೇನೆ ಎಂದು ಬಾಯಿಬಿಟ್ಟು ಹೇಳಿ ರಕ್ತ ಪರೀಕ್ಷೆ ಮಾಡಿಸು. ಅಲ್ಲಿ ಮಾತು ನುಂಗಬೇಡ.

ನಿಮ್ಮಪ್ಪನಿಗೆ ಎಲ್ಲ ಹೇಳಿದೆ. ಅವರ ಬಾಯಿಗೆ ಬೀಗವಿಲ್ಲ ಎಂದು ಹೇಳಬಾರದೆಂದುಕೊಂಡಿದ್ದೆ, ಮನಸ್ಸು ತಡೆಯಲಿಲ್ಲ. ಬೇಕರಿಯವನಿಗೆ ಅಷ್ಟು ಉಪದೇಶ ಮಾಡಿದ ಮನುಷ್ಯ ಬಾಯಿ ಮುಚ್ಚಿಕೊಂಡು ಒಳಗೆ ಹೋಗಿ, ಗಡ್ಡ ಬೋಳಿಸಿಕೊಂಡು, ಒಗೆದ ಅಂಗಿ ಹಾಕಿಕೊಂಡು, ಸ್ಪ್ಯಾನರ್ ಚೀಲ ಹಿಡಿದು ಬಂದು ನಿಂತರು. "ಅಲ್ಲೋಗಿ ಏನೂ ಅನ್ಬೇಡಿ" ಎಂದೆ. "ನಾನು ಮಾತೇ ಆಡಲ್ಲ ಕಣೆ, ಬಾನೆಟ್ ಎತ್ತಿ ನಿಂತ್ಕೋತೀನಿ, ಅವನೇ ಬಂದು ಪಕ್ಕದಲ್ಲಿ ನಿಂತ್ರೆ ಸಾಕು" ಎಂದರು. ಈಗ ನಿನ್ನ ಪಕ್ಕದಲ್ಲಿ ಹಾಗೇ ನಿಂತಿರುತ್ತಾರೆ. ನೋಡಲು ಏನೂ ಇಲ್ಲದ ಎಂಜಿನ್ನಿನೊಳಗೆ ತಲೆ ಹಾಕಿಕೊಂಡು ಏನೋ ಬಿಗಿ ಮಾಡುತ್ತಿರುತ್ತಾರೆ. ಅವರಿಗೆ ಕಣ್ಣು ಒರೆಸಿಕೊಳ್ಳಲು ಸ್ವಲ್ಪ ಹೊತ್ತು ಕೊಡು.

ನಿನ್ನ ಹೆಂಡತಿಗೆ ನಾನಾಗಿ ಏನೂ ಹೇಳುವುದಿಲ್ಲ. ಅದು ನಿನ್ನ ಮನೆ, ನಿನ್ನ ಮಾತು. ಹೇಗೆ ಹೇಳುವುದೆಂದು ಯೋಚಿಸುತ್ತಾ ಇನ್ನೊಂದು ವಾರ ತಳ್ಳಬೇಡ ಎಂದು ಮಾತ್ರ ಕೇಳಿಕೊಳ್ಳುತ್ತೇನೆ. ಅವಳು ಬೈದರೆ ಬೈಸಿಕೋ. ಅತ್ತರೆ ಸುಮ್ಮನೆ ಪಕ್ಕದಲ್ಲಿ ಕೂತಿರು. ಅವಳು ಗಟ್ಟಿಗಿತ್ತಿ. ಹೊಲಿಗೆ ತಪ್ಪಿದರೆ ಗೊಣಗುತ್ತಲೇ ಬಿಚ್ಚಿ ಮತ್ತೆ ಹೊಲಿಯುವ ಹುಡುಗಿ. ಅವಳಿಗೆ ನೀನು ಬೇಕು, ನಿನ್ನ ಗೋದಾಮಲ್ಲ. ನಮಗೂ ಅಷ್ಟೆ. ಪುಟ್ಟಿಗೆ ನನ್ನ ಮುತ್ತು. ಸೊಸೆಗೆ ನಾನು ಕೇಳಿದೆನೆಂದು ಹೇಳು. ನಿಮ್ಮಿಬ್ಬರ ಮುಖವನ್ನೂ ಸಂಜೆ ಫೋನಿನಲ್ಲಿ ಒಟ್ಟಿಗೆ ನೋಡುವ ಆಸೆ. ದೇವರು ನಿನ್ನ ಉಸಿರು ಕಾಯಲಿ, ಮಿಕ್ಕಿದ್ದನ್ನು ನಾವೆಲ್ಲ ಸೇರಿ ನೋಡಿಕೊಳ್ಳೋಣ.

ಇಂತಿ,
ನಿನ್ನನ್ನು ಹೆತ್ತ ತಪ್ಪಿಗೆ ಅರ್ಧ ಗಂಟೆಗೊಮ್ಮೆ ಜೀವ ಕೈಯಲ್ಲಿ ಹಿಡಿದು ಕೂತಿರುವ
ಅಮ್ಮ

ತಾ.ಕ.: ಬಸ್ಸಿಗೆ ಹೊತ್ತಾಯಿತೆಂದು ನಿಮ್ಮಪ್ಪ ಬಾಗಿಲಲ್ಲಿ ಕೂಗುತ್ತಿದ್ದಾರೆ, ಬೇಗ ಬೇಗ ಬರೆಯುತ್ತೇನೆ. ಈ ಕಾಗದ ಮಡಚುವಾಗ ಸೊಸೆಯ ಫೋನ್ ಬಂತು. "ಅತ್ತೆ, ನೀವು ಗಾಡಿ ನೋಡ್ತಾನೇ ಇದೀರ, ಇವ್ರನ್ನೂ ಸ್ವಲ್ಪ ನೋಡಿ. ಊಟ ಸೇರಲ್ಲ, ಮಾತಿಲ್ಲ, ಸಂಜೆ ಬಂದ್ರೆ ಮುಖದಲ್ಲಿ ಕಳೆಯಿಲ್ಲ. ನನ್ ಹತ್ರ ಏನೋ ಮುಚ್ಚಿಡ್ತಿದಾರೆ, ನಿಮ್ಗೇನಾದ್ರೂ ಗೊತ್ತಾ?" ಎಂದು ನೇರವಾಗಿ ಕೇಳಿದಳು. ಗೊತ್ತಿಲ್ಲ ಎನ್ನಲು ಬಾಯಿ ಬರಲಿಲ್ಲ. ಹೇಳಿಬಿಟ್ಟೆ ಮಗಾ, ಎಲ್ಲ. ಕೆಲಸ ಹೋದದ್ದು, ಬೇಸ್‌ಮೆಂಟು, ಹೊಗೆ, ಎಲ್ಲ. ಮಷಿನ್ ಸದ್ದು ನಿಂತುಹೋಯಿತು. ಆಮೇಲೆ ಹಿಂಬದಿಯ ಕಿಟಕಿಗೆ ಹೋಗಿ ಬಗ್ಗಿ ನೋಡಿದಳು. "ಇಲ್ಲೇ ಕಾಣ್ತಿದಾರೆ ಅತ್ತೆ, ಬಾಗಿಲೆಲ್ಲ ತೆಗೆದಿದೆ, ಮೀಟರ್ ಹಿಡ್ಕೊಂಡು ನಿಂತಿದಾರೆ. ನಾನೇ ಇಳಿದು ಹೋಗಿ ಕರ್ಕೊಂಡ್ ಬರ್ಲಾ?" ಎಂದಳು. ಬೇಡಮ್ಮ, ಅವರಪ್ಪ ಬಂದ ಮೇಲೆ ಅವನೇ ಹತ್ತಿ ಬರ್ತಾನೆ, ಅಲ್ಲೀವರೆಗೂ ಕಿಟಕಿಯಿಂದ ಕಣ್ಣು ತೆಗೀಬೇಡ ಎಂದೆ. ಆಗಲಿ ಎಂದಳು. ನೀನು ಇದನ್ನು ಓದುತ್ತಿರುವಾಗಲೂ ಅವಳು ನಿನ್ನನ್ನೇ ನೋಡುತ್ತಿದ್ದಾಳೆ. ತಲೆಯೆತ್ತಿ ನೋಡು. ನೋಡಿದ ಮೇಲೆ ಹತ್ತಿ ಹೋಗು. ಲಿಫ್ಟಿಗೆ ಕಾಯಬೇಡ.